ಕೇಳವ್ವನಿಗೆ ಕೇಳಿಸದ್ದು

ಭೀಮಾ ಹೊಳೆಯ ದಂಡೆಯಲ್ಲಿ ಯಾರನ್ನಾದರೂ ನಿಲ್ಲಿಸಿ ‘ಆರಾಮ?’ ಎಂದು ಕೇಳಿ ನೋಡಿ. ಮಗಳ ಮದುವೆ ಗೊತ್ತಾದವನೂ ‘ಆರಾಮ ಅದೀನ್ರಿ’ ಎನ್ನುತ್ತಾನೆ, ಮನೆಯ ಗೋಡೆ ಹೊಳೆಗೆ ಹೋದವನೂ ‘ಆರಾಮ ಅದೀನ್ರಿ’ ಎನ್ನುತ್ತಾನೆ. ಅದು ಸುಳ್ಳಲ್ಲ, ಸುದ್ದಿಯೂ ಅಲ್ಲ. ಎದುರಿಗೆ ಬಂದವರಿಗೆ ಕೈಮುಗಿದ ಹಾಗೆ, ಮನೆಗೆ ಬಂದವರಿಗೆ ನೀರು ಕೊಟ್ಟ ಹಾಗೆ ಅದೊಂದು ನಡೆ. ನಿಜವಾದ ಸುದ್ದಿ ಬೇಕಾದರೆ ಅವನ ಪಕ್ಕ ಕೂತು, ಎಲೆಗೆ ಸುಣ್ಣ ಹಚ್ಚಿ ಕೊಟ್ಟು, ಮಳೆ ಬೆಳೆ ದನ ಕರು ಎಲ್ಲ ಮಾತಾಡಿ ಮುಗಿದ ಮೇಲೆ, ‘ಮತ್ತ?’ ಎಂದು ಇನ್ನೊಮ್ಮೆ ಕೇಳಬೇಕು. ಆಗ ಅವನು ನೆಲ ನೋಡಿಕೊಂಡು ಹೇಳುತ್ತಾನೆ.

ಕೇಳವ್ವನಿಗೆ ‘ಮತ್ತ?’ ಎಂದು ಕೇಳುವುದನ್ನು ಯಾರೂ ಕಲಿಸಿರಲಿಲ್ಲ.

ಕೇಳವ್ವ ಎಂದರೆ ದೇವಿಯಲ್ಲ, ಯಂತ್ರ. ಸರಕಾರ ಅದಕ್ಕೆ ಇಟ್ಟ ಹೆಸರು ಉದ್ದವಾಗಿತ್ತು, ಜನ ತಮಗೆ ಬೇಕಾದಂತೆ ಕರೆದುಕೊಂಡರು. ಹೊಳೆ ವರ್ಷಕ್ಕೆರಡು ಸಲ ಮನೆಯೊಳಕ್ಕೆ ಬರತೊಡಗಿದ ಕಾಲದ ಮಾತು ಇದು. ಪರಿಹಾರ ಕೇಂದ್ರಕ್ಕೆ ಬಂದವರೆಲ್ಲರ ಮುಂಗೈಗೆ ಹುಣಸೆಬೀಜದಷ್ಟು ದೊಡ್ಡ ಮಣಿಯೊಂದನ್ನು ದಾರದಲ್ಲಿ ಕಟ್ಟುತ್ತಿದ್ದರು. ಅದು ಮುಂಜಾನೆಗೊಮ್ಮೆ, ಸಂಜೆಗೊಮ್ಮೆ ತಾನಾಗಿ ಮಾತಾಡುತ್ತಿತ್ತು: “ನಮಸ್ಕಾರ. ಹೇಗಿದ್ದೀರಿ?”

ಅದು ಕೇಳುತ್ತಿದ್ದುದು ಧನುರ್ವಾಯುವಿಗಾಗಿ. ನೀರು ನುಗ್ಗಿದಲ್ಲಿ, ನೆಲ ನಡುಗಿದಲ್ಲಿ, ಗಾಳಿ ಮನೆ ಕಿತ್ತಲ್ಲಿ, ಎಲ್ಲ ಮುಗಿಯಿತು ಎಂದು ಜನ ಉಸಿರು ಬಿಡುವ ಹೊತ್ತಿಗೆ ಆ ರೋಗ ಹಿಂದಿನಿಂದ ಬರುತ್ತದೆ. ಮಣ್ಣಿನಲ್ಲಿ, ಸಗಣಿಯಲ್ಲಿ ವರ್ಷಾನುಗಟ್ಟಲೆ ಮಲಗಿದ್ದ ಬೀಜ, ಗಾಳಿಯಾಡದ ಒಂದು ಆಳವಾದ ಗಾಯ ಸಿಕ್ಕರೆ ಅಲ್ಲಿ ಏಳುತ್ತದೆ. ಎದ್ದು ವಿಷ ಕಾರುತ್ತದೆ. ವಿಷವು ನರದ ಹುರಿ ಹಿಡಿದು ಮೇಲೇರುತ್ತದೆ. ನರದೊಳಗೆ ಒಮ್ಮೆ ಕೂತಿತೆಂದರೆ ಅದನ್ನು ಎಬ್ಬಿಸುವ ಔಷಧಿ ಭೂಮಿಯ ಮೇಲಿಲ್ಲ. ಇನ್ನೂ ದಾರಿಯಲ್ಲಿರುವ ವಿಷವನ್ನು ಹಿಡಿದು ಕಟ್ಟಿಹಾಕುವ ಪ್ರತಿವಿಷವೊಂದಿದೆ, ಅಷ್ಟೇ. ಹಾಗಾಗಿ ಬೇಗ ತಿಳಿದಷ್ಟೂ ಒಳ್ಳೆಯದು. ಮೊದಲು ಬಿಗಿಯುವುದು ದವಡೆ. ದವಡೆ ಕೂದಲೆಳೆಯಷ್ಟು ಬಿಗಿದರೂ ‘ಆ’ ಎಂಬ ಅಕ್ಷರ ಬಾಯಲ್ಲಿ ಕಿರಿದಾಗುತ್ತದೆ. ನಮ್ಮ ಕಿವಿಗೆ ಅದು ಗೊತ್ತಾಗುವುದಿಲ್ಲ. ಕೇಳವ್ವನಿಗೆ ಗೊತ್ತಾಗುತ್ತಿತ್ತು. ಮೊದಲ ದಿನ ಕೇಳಿಟ್ಟುಕೊಂಡ ‘ಆ’ವನ್ನೂ ಇವತ್ತಿನ ‘ಆ’ವನ್ನೂ ತೂಗಿ ನೋಡಿ, ರೋಗಿಗೇ ತಿಳಿಯುವ ಮೊದಲು ಕೆಂಪು ದೀಪ ಹಚ್ಚುತ್ತಿತ್ತು.

ಎಂಥ ಚಂದದ ಯುಕ್ತಿ. ಅದನ್ನು ಕಂಡುಹಿಡಿದವರಿಗೆ ಪುಣ್ಯ ಬರಲಿ. ಆದರೆ ಹೊಳೆ ಬಂದಾಗ ನೆಟ್‌ವರ್ಕು ನೂಲಿನ ಎಳೆಯಂತಾಗುತ್ತದೆ, ಎಲ್ಲರ ದನಿಯೂ ಅದರಲ್ಲಿ ಹಾಯುವುದಿಲ್ಲ. ಅದಕ್ಕೆ ರಾಜಧಾನಿಯಲ್ಲಿ ಕೂತವರು ಒಂದು ನಿಯಮ ಮಾಡಿದರು. ಮೊದಲು ಹೇಗಿದ್ದೀರಿ ಎಂದು ಕೇಳುವುದು. ಚೆನ್ನಾಗಿದ್ದೇನೆ ಎಂದವರನ್ನು ಅಲ್ಲಿಗೇ ಬಿಡುವುದು. ಇಲ್ಲವೆಂದವರ ದನಿಯನ್ನು ಮಾತ್ರ ತೂಗಿ ನೋಡುವುದು.

*

ಹೊಳಿಹಂಗರಗಿಯ ಜನರನ್ನೆಲ್ಲ ಆ ಸಲ ತಂದು ಇಳಿಸಿದ್ದು ದಿಬ್ಬದ ಮೇಲಿನ ಹಳೆಯ ಹತ್ತಿ ಗಿರಣಿಯಲ್ಲಿ. ಕೆಳಗೆ ತಗಡಿನ ಶೆಡ್ಡುಗಳಲ್ಲಿ ಸಂಸಾರಗಳು, ಮೇಲೆ ಮುನೀಮರು ಕೂರುತ್ತಿದ್ದ ಕೋಣೆಯಲ್ಲಿ ಕೇಳವ್ವನ ಬೋರ್ಡು. ಅದಕ್ಕೆ ಕೇಳುಕೋಣೆ ಎನ್ನುತ್ತಿದ್ದರು. ಕೇಂದ್ರದ ಒಬ್ಬೊಬ್ಬರಿಗೆ ಒಂದೊಂದು ದೀಪ. ಕೋಣೆಯ ಮೂಲೆಯಲ್ಲಿ ತಂಪು ಪೆಟ್ಟಿಗೆ, ಅದರೊಳಗೆ ಪ್ರತಿವಿಷದ ಸೀಸೆಗಳು. ಅದಕ್ಕೆ ಕೀಲಿಕೈ ಇರಲಿಲ್ಲ. ಹಿಂದಿನ ಪ್ರವಾಹಗಳಲ್ಲಿ ಸೀಸೆಗಳು ಕಾಳಸಂತೆಗೆ ಹೋಗಿದ್ದವೆಂದು, ಕೇಳವ್ವ ಕೆಂಪು ದೀಪ ಹಚ್ಚಿದರೆ ಮಾತ್ರ ಪೆಟ್ಟಿಗೆ ತೆರೆಯುವಂತೆ ಮಾಡಿದ್ದರು. ಬಲವಂತ ಮಾಡಿದರೆ ಪೆಟ್ಟಿಗೆ ತಾನೇ ಕಾದು, ಒಳಗಿದ್ದುದನ್ನೆಲ್ಲ ಕೆಡಿಸಿಬಿಡುತ್ತಿತ್ತು.

ಆ ಕೋಣೆಯ ಉಸ್ತುವಾರಿ ಮಹಾನಂದಾಳದು. ಹೊಳಿಹಂಗರಗಿಯ ಸೊಸೆ, ನರ್ಸು. ಗಂಡ ಬಸವಂತ ಪರಿಹಾರದ ದೋಣಿಯ ಮೇಲಿದ್ದ. ಅತ್ತೆ ಗುರಸಿದ್ದವ್ವ ಕೆಳಗಿನ ಶೆಡ್ಡಿನಲ್ಲಿ.

ಕುರಿ ಕಾಯುವ ಮಾಳಪ್ಪ ತೀರಿಕೊಂಡ ದಿನ ಮಹಾನಂದಾ ರಾಜಧಾನಿಗೆ ಫೋನು ಹಚ್ಚಿದಳು. ತಗಡು ಬಡಿದು ಅವನ ಮೀನಖಂಡ ಸೀಳಿತ್ತು. ಮುಂಜಾನೆ ಸಂಜೆ ಮಣಿ ಕೇಳಿದಾಗಲೆಲ್ಲ ಅವನು ‘ಆರಾಮ ಅದೀನಿ’ ಎಂದಿದ್ದ. ದೋಣಿಯಲ್ಲಿ ದವಾಖಾನೆಗೆ ಒಯ್ಯುವಾಗ ಅವನ ಬೆನ್ನು ಬಿಲ್ಲಿನಂತೆ ಬಾಗಿ, ನೆತ್ತಿ ಮತ್ತು ಹಿಮ್ಮಡಿ ಎರಡೇ ಹಲಗೆಗೆ ತಾಗಿದ್ದವಂತೆ.

“ಸರ, ಮಾಳಪ್ಪ ತೀರಿಕೊಂಡಾನ. ಬೋರ್ಡಿನ ಮ್ಯಾಲ ಅವನ ದೀಪ ಇನ್ನೂ ಹಸರ ಅದ.”

ಆ ಕಡೆ ಇದ್ದವನು ಸುಹಾಸ್ ಎಂಬ ಹುಡುಗ. ಕೆಟ್ಟವನಲ್ಲ. “ಅಯ್ಯೋ, ತುಂಬಾ ಬೇಜಾರಾಯ್ತು ಮೇಡಂ. ಅವ್ರು ಏನಾದ್ರೂ ತೊಂದ್ರೆ ಇದೆ ಅಂತ ಹೇಳಿದ್ರಾ?”

“ಆರಾಮ ಅದೀನಿ ಅಂದಾನ.”

“ನೋಡಿ, ಅವ್ರೇ ಚೆನ್ನಾಗಿದೀನಿ ಅಂದ್ರೆ ಸಿಸ್ಟಮ್ ಏನ್ ಮಾಡೋಕಾಗತ್ತೆ?”

“ಸರ, ನಮ್ ಕಡೆ ಎಲ್ಲಾರೂ ಹಂಗ ಅಂತಾರ. ಸಾಯೋರೂ ಅಂತಾರ.”

“ಹಾಗಾದ್ರೆ ಜನಕ್ಕೆ ಸ್ವಲ್ಪ ತಿಳುವಳಿಕೆ ಕೊಡಿ ಮೇಡಂ. ಕರೆಕ್ಟಾಗಿ ಉತ್ತರ ಹೇಳ್ಬೇಕು ಅಂತ.”

“ಇಷ್ಟ ಮಂದೀಗಿ ಮಾತ ಕಲಸೂದಕ್ಕಿಂತ ಒಂದ ಮಷೀನಿಗಿ ಕಲಸೂದು ಸಸಾರ ಅಲ್ಲೇನ್ರಿ?”

ಸುಹಾಸ್ ನಕ್ಕ. ದೂರು ಬರೆದುಕೊಂಡಿದ್ದೇನೆ, ಮುಂದಿನ ಆವೃತ್ತಿಯಲ್ಲಿ ನೋಡೋಣ, ದೂರು ಎಲ್ಲಿಗೆ ಬಂತೆಂದು ಸಿಸ್ಟಮ್ಮೇ ನಡುವೆ ಕರೆ ಮಾಡಿ ವಿಚಾರಿಸುತ್ತದೆ ಎಂದ. ಮಹಾನಂದಾ ಫೋನಿಟ್ಟು ಬೋರ್ಡಿನ ಮುಂದೆ ನಿಂತಳು. ಸತ್ತವನ ಹಸಿರು ದೀಪವನ್ನು ಆರಿಸಲು ಅವಳಿಗೆ ಅಧಿಕಾರವಿರಲಿಲ್ಲ. ಸೆರಗಿನ ತುದಿಯನ್ನು ಅದರ ಮೇಲೆ ಒತ್ತಿ ಹಿಡಿದಳು. ಬೆಳಕು ನೂಲಿನ ಸಂದಿಯಿಂದ ಸೋಸಿ ಬಂತು.

*

ಅದೇ ಸಂಜೆ ಅಂಗಳದಲ್ಲಿ ಜನರನ್ನು ಸೇರಿಸಿ, “ಮಣಿ ಕೇಳಿದಾಗ ಆರಾಮ ಅನ್ನಬ್ಯಾಡ್ರಿ. ಇದ್ದದ್ದು ಇದ್ದಂಗ ಹೇಳ್ರಿ,” ಎಂದಳು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಆರಾಮ ಅನ್ನದ ಮತ್ತೇನನ್ನೂಣು? ಸಾಯಾಕತ್ತೀವಿ ಅನ್ನೂಣೇನು?” ಎಂದಳು ಗುರಸಿದ್ದವ್ವ. ಎಲ್ಲರೂ ನಕ್ಕರು. ಅವಳು ಮಾತಾಡಿದರೆ ಜನ ನಗುವುದು ರೂಢಿ.

ಗುರಸಿದ್ದವ್ವ ದೊಡ್ಡ ಬಾಯಿಯ, ದೊಡ್ಡ ಕೈಯ ಹೆಂಗಸು. ಶೆಡ್ಡಿನ ಮುಂದೆ ಮೂರು ಕಲ್ಲಿಟ್ಟು, ಕೇಂದ್ರಕ್ಕೆಲ್ಲ ರೊಟ್ಟಿ ಬಡಿಯುವ ಹೆಂಗಸರಿಗೆ ಅವಳೇ ಮುಂದಾಳು. ಅವರ ರೊಟ್ಟಿಯ ಸಪ್ಪಳ ಕೇಳಿಯೇ ಗಿರಣಿಯಲ್ಲಿ ಬೆಳಗಾಗುತ್ತಿತ್ತು. ಮಣಿ ಕಟ್ಟಿದ ದಿನವೇ ಅವಳ ತಕರಾರು ಶುರುವಾಗಿತ್ತು. ಕೊರಳಿಗೆ ಕಟ್ಟಲು ಬಿಡಲಿಲ್ಲ, “ಲಿಂಗದ ಮಗ್ಗಲದಾಗ ಮಷೀನ ತೂಗ ಹಾಕ್ಕೋಲೇನು?” ಎಂದು ಮುಂಗೈ ಚಾಚಿದಳು. ದನಿ ಇಟ್ಟುಕೊಳ್ಳಲು ಮಣಿ ಒಂದು ವಾಕ್ಯ ಹೇಳಿಕೊಟ್ಟಿತು: “ಬಾನಾಡಿಗಳು ಬಾನಿನಲ್ಲಿ ಹಾರಾಡುತ್ತಿವೆ ಎಂದು ಹೇಳಿ.” ಗುರಸಿದ್ದವ್ವ ಹೊಟ್ಟೆ ಹಿಡಿದುಕೊಂಡು ನಕ್ಕು, “ಶಿವಾ ಶಿವಾ! ಮನಿ ನೀರಾಗ ಮುಳಗ್ಯಾವ, ಇದಕ್ಕ ಹಕ್ಕಿ ಚಿಂತಿ,” ಎಂದಿದ್ದಳು. ಮಣಿ ಅಷ್ಟನ್ನೇ ಇಟ್ಟುಕೊಂಡಿತು. ಆಮೇಲೆ ದಿನವೂ ಅದು ಕೇಳಿದಾಗ ಬೀಗತಿಗೆ ಉತ್ತರ ಕೊಟ್ಟಂತೆ ಕೊಡುತ್ತಿದ್ದಳು.

“ನಮಸ್ಕಾರ. ಹೇಗಿದ್ದೀರಿ?”

“ಆರಾಮ ಅದೀನವಾ. ನೀ ಆರಾಮ? ಉಂಡಿ?”

“ಸಂತೋಷ. ಶುಭದಿನ.”

“ನೋಡ್ರೆ, ಉಂಡಿ ಏನು ಅಂದ್ರ ಹೇಳಂಗಿಲ್ಲ. ಗರ್ವದಾಕಿ.”

ನೀರು ತುಸು ಇಳಿದಾಗ ಮಗನ ದೋಣಿಯಲ್ಲಿ ಹೋಗಿ ಮನೆ ನೋಡಿಕೊಂಡು ಬಂದಳು. ನೋಡಲು ಮನೆ ಇರಲಿಲ್ಲ, ಎಮ್ಮೆಗೆ ಮೇವು ಹಾಕುವ ಗ್ವಾದಲಿಯ ಒಂದು ಕಲ್ಲು ಕಾಣಿಸಿತಂತೆ. ರಾಡಿಯಲ್ಲಿ ನಡೆಯುವಾಗ ಹೊಳೆ ಹೊತ್ತು ತಂದ ಜಾಲಿಕಂಟಿಯ ಮುಳ್ಳು ಹಿಮ್ಮಡಿಗೆ ನೆಟ್ಟಿತು. ಪಿನ್ನಿನಿಂದ ಕೆದರಿ ತೆಗೆದು, ಒಲೆಯ ಬೂದಿ ಒತ್ತಿ, ರೊಟ್ಟಿ ಬಡಿಯಲು ಕೂತಳು.

ಮರುದಿನ ಮಹಾನಂದಾ ಗಾಯವಾದವರಿಗೆ ಹಾಕುವ ಸೂಜಿಯ ಡಬ್ಬಿ ಹಿಡಿದು ಶೆಡ್ಡಿನಿಂದ ಶೆಡ್ಡಿಗೆ ಬಂದಳು. “ಅತ್ತಿ, ಎಲ್ಲೆರೆ ಗಾಯ ಆಗ್ಯಾವೇನು?”

“ಇಲ್ಲವಾ,” ಎಂದಳು ಗುರಸಿದ್ದವ್ವ.

ಅದೂ ಸುಳ್ಳಲ್ಲ. ಮುಳ್ಳು ನೆಟ್ಟರೆ ಆ ಸೀಮೆಯಲ್ಲಿ ಮುಳ್ಳು ನೆಟ್ಟಿತು ಎನ್ನುತ್ತಾರೆ. ಗಾಯವೆಂದರೆ ರಕ್ತ ಸೋರಬೇಕು, ನಾಲ್ಕು ಮಂದಿ ಸೇರಬೇಕು. ಮಹಾನಂದಾ ಅದೇ ಸೀಮೆಯಲ್ಲಿ ಹುಟ್ಟಿ ಬೆಳೆದವಳು, ಅವಳಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಮುಂದಿನ ಶೆಡ್ಡಿಗೆ ಹೋದಳು.

*

ಒಂದು ವಾರ ಕಳೆದಿರಬಹುದು. ಮುಂಜಾನೆ ಮಹಾನಂದಾ ಊಟದ ಬುತ್ತಿಗೆಂದು ಕೆಳಗಿಳಿದಾಗ ಅತ್ತೆ ರೊಟ್ಟಿಯನ್ನು ಮುರಿದು, ಹಾಲಿನಲ್ಲಿ ಅದ್ದಿ, ಬೆರಳಿನಿಂದ ಹಲ್ಲಿನ ಸಂದಿಯಲ್ಲಿ ತುರುಕುತ್ತಿದ್ದಳು. ಪಕ್ಕದಲ್ಲಿ ಎಲೆಯ ಚಂಚಿ ಕಟ್ಟಿದ್ದು ಕಟ್ಟಿದಂತೆಯೇ ಇತ್ತು.

“ಯಾಕತ್ತಿ, ಎಲಿ ಹಾಕ್ಕೊಂಡಿಲ್ಲ?”

ಗುರಸಿದ್ದವ್ವ ದವಡೆ ತೋರಿಸಿ, ಹಲ್ಲುಬ್ಯಾನಿ ಎಂಬಂತೆ ಕೈಯಾಡಿಸಿದಳು.

“ಆರಾಮ ಅದೀರಿಲ್ಲೋ?”

“ಎರೇಮ ಎದೀನವೇ,” ಎಂದಳು ಅತ್ತೆ.

ಮಹಾನಂದಾ ಬುತ್ತಿ ಎತ್ತಿಕೊಂಡು ಮೆಟ್ಟಿಲವರೆಗೆ ನಡೆದಳು. ಉತ್ತರವನ್ನು ಕೇಳಿದ್ದಳು, ದನಿಯನ್ನು ಕೇಳಿರಲಿಲ್ಲ. ಆರಾಮ ಎಂದರೆ ಮುಗಿಯಿತಲ್ಲ. ಮೂರನೆಯ ಮೆಟ್ಟಿಲ ಮೇಲೆ ಆ ದನಿ ಹಿಂದಿನಿಂದ ಬಂದು ಅವಳ ಕಿವಿ ಹಿಡಿದು ಎಳೆಯಿತು. ಎರೇಮ. ‘ಆ’ ಎಲ್ಲಿ ಹೋಯಿತು? ಅವಳು ಬುತ್ತಿ ಅಲ್ಲೇ ಇಟ್ಟು ಓಡಿ ಬಂದು, ಅತ್ತೆಯ ಗಲ್ಲ ಎರಡೂ ಕೈಯಲ್ಲಿ ಹಿಡಿದಳು. ದವಡೆಯ ಸ್ನಾಯು ಅಡಿಕೆಯಂತೆ ಗಟ್ಟಿಯಾಗಿತ್ತು.

ಕೇಂದ್ರದ ವೈದ್ಯರು ಇನಾಮದಾರ ಸಾಹೇಬರು. ಒಂದು ಚಮಚ ತಂದು, “ಆಯಿ, ಒಂದೀಟ ಗಂಟಲಾ ನೋಡ್ತೀನಿ,” ಎಂದು ಹಲ್ಲಿನ ಸಂದಿಯಿಂದ ತೂರಿಸಿ ಗಂಟಲ ಹಿಂಬದಿಗೆ ಮುಟ್ಟಿಸಿದರು. ಯಾರಾದರೂ ಓಕರಿಸುತ್ತಾರೆ. ಗುರಸಿದ್ದವ್ವನ ಹಲ್ಲು ಚಮಚವನ್ನು ಕಟ್ಟನೆ ಕಚ್ಚಿ ಹಿಡಿದವು, ಬಿಡಿಸಿಕೊಳ್ಳಲು ಸಾಹೇಬರು ಸೆಣಸಾಡಬೇಕಾಯಿತು.

“ಚೆಮಚೆ ತಿನ್ನೆಂಗ ಮೆಡತೀರಿ,” ಎಂದಳು ಅವಳು ಹಲ್ಲುಗಳ ನಡುವಿನಿಂದ. ಯಾರೂ ನಗಲಿಲ್ಲ.

ಸಾಹೇಬರು ಮಹಾನಂದಾಳನ್ನು ಹೊರಗೆ ಕರೆದರು. “ಇದ ಅದ. ಹಿಮ್ಮಡಿ ಕೊರೆದು ತೊಳಿತೀನಿ, ಉಳಿದ ಸೂಜಿ ನನ್ ಹತ್ರ ಅದಾವ. ಆದ್ರ ವಿಷಾ ಇನ್ನೂ ಏರಲಿಕತ್ತದ. ಪೆಟ್ಟಿಗ್ಯಾಗಿಂದು ಬೇಕು, ಮಾನಂದಾ. ಇವತ್ತ ಬೇಕು. ನಾಳಿಗಿ ಕೊಟ್ರ ನೀರಾಗ ಹಾಕಿದಂಗ.”

ಬೋರ್ಡಿನ ಮೇಲೆ ಗುರಸಿದ್ದವ್ವನ ದೀಪ ಹಸಿರಾಗಿ ಉರಿಯುತ್ತಿತ್ತು. ಮುಂಜಾನೆ ಮಣಿ ಕೇಳಿತ್ತು, ಅವಳು ‘ಎರೇಮ’ ಎಂದಿದ್ದಳು. ಹಲ್ಲಿಲ್ಲದವರ ಮಾತು, ಬಾಯಿ ತುಂಬ ತಂಬಾಕು ಇಟ್ಟುಕೊಂಡವರ ಮಾತು, ಯಾವುದಿದ್ದರೂ ಅದರ ಅರ್ಥ ತಪ್ಪದೆ ಹಿಡಿಯುವುದರಲ್ಲಿ ಕೇಳವ್ವ ಗಟ್ಟಿಗಿತ್ತಿ. ಅರ್ಥ ಹಿಡಿದು, ದನಿ ಬಿಟ್ಟಿದ್ದಳು.

ದಿನಕ್ಕೊಂದು ಸಲ ಕೇಳುಕೋಣೆಯಿಂದ ಮರುಕರೆ ಮಾಡಿ ಕೇಳಿಸುವ ಅವಕಾಶವಿತ್ತು. ಮಹಾನಂದಾ ಮರುಕರೆಯ ಗುಂಡಿಯ ಬಳಿ ಸಾಹೇಬರನ್ನು ನಿಲ್ಲಿಸಿ, ಅತ್ತೆಯ ಮುಂದೆ ಬಂದು ಕೂತಳು.

“ಅತ್ತಿ, ಈಗ ಮಣಿ ಕೇಳ್ತದ. ನನಗ ಆರಾಮ ಇಲ್ಲ ಅಂತ ಹೇಳ್ರಿ. ಒಂದ ಮಾತ.”

ಗುರಸಿದ್ದವ್ವ ಆಗದು ಎಂಬಂತೆ ತಲೆಯಾಡಿಸಿದಳು. ಅವಳ ಮಾತು ಹಲ್ಲಿನ ಕಟಾಂಜನ ದಾಟಿ ತುಂಡು ತುಂಡಾಗಿ ಬಂತು. ಅಕ್ಷರಗಳು ಕಿರಿದಾಗಿದ್ದವು, ಅರ್ಥ ಕಿರಿದಾಗಿರಲಿಲ್ಲ.

“ಹೆಂಗ ಅನ್ಲಿ? ಮನಿ ಹೋತು, ಎಮ್ಮಿ ಹೋತು. ನೀವೆಲ್ಲಾ ಉಳದೀರಿ. ಅಂವಾ ಉಳಿಸ್ಯಾನ. ಅವನ ಅನ್ನಾ ಉಂಡು ಆರಾಮ ಇಲ್ಲ ಅನ್ಲೇನು? ನನ್ ಜಲ್ಮದಾಗ ಅಂದಿಲ್ಲ.”

“ಶಿವನ ಮುಂದ ಅನ್ನಬ್ಯಾಡ್ರಿ. ಮಷೀನ ಮುಂದ ಅನ್ರಿ.”

“ಅಂವಾ ಎಲ್ಲಿ ಇಲ್ಲ?”

ಮಹಾನಂದಾಳಿಗೆ ಸಿಟ್ಟು ಬಂತು. ಯಂತ್ರದ ಮೇಲೆ ಬಂದದ್ದು, ರಾಜಧಾನಿಯ ಮೇಲೆ ಬಂದದ್ದು, ಈಗ ಈ ಮುದುಕಿಯ ಮೇಲೂ, ಅವಳ ಶಿವನ ಮೇಲೂ ಬಂತು. “ಅಂವಗ ಎಲ್ಲಾ ಗೊತ್ತದ ಅಲ್ಲ? ನಿಮ್ ದವಡಿ ಹಿಡದಿದ್ದೂ ಗೊತ್ತದ. ಅವನ ಮುಂದ ಯಾಕ ಸುಳ್ಳು?” ಎಂದು ಒದರಿದಳು. ಒದರಿ, ನಾಲಿಗೆ ಕಚ್ಚಿಕೊಂಡಳು. ಕಣ್ಣು ತುಂಬಿದವು.

ಗುರಸಿದ್ದವ್ವ ಸೊಸೆಯ ಮುಖವನ್ನು ಬಹಳ ಹೊತ್ತು ನೋಡಿದಳು. ಕೈಯೆತ್ತಿ ಅವಳ ಕಣ್ಣೀರು ಒರೆಸಿದಳು. ಒರೆಸಿದ ಕೈಯನ್ನು ಎದೆಯ ಮೇಲಿನ ಲಿಂಗಕ್ಕೆ ಮುಟ್ಟಿಸಿ, ತಪ್ಪಾಯಿತು ಎಂಬಂತೆ ಗಲ್ಲ ಬಡಿದುಕೊಂಡಳು. ಮಣಿಯನ್ನು ಬಾಯ ಹತ್ತಿರ ಹಿಡಿದಳು.

“ನಮಸ್ಕಾರ. ಹೇಗಿದ್ದೀರಿ?”

“ಎರೇಮ...”

“ಸಂತೋಷ. ಶುಭದಿನ.”

“...ಇಲ್ಲ,” ಎಂದಳು ಗುರಸಿದ್ದವ್ವ.

ಮಣಿ ಆಗಲೇ ಕಣ್ಣು ಮುಚ್ಚಿತ್ತು. ಮುದುಕಿ ತನ್ನ ಜನ್ಮದಲ್ಲಿ ಮೊದಲ ಸಲ ಆಡಿದ ಆ ಮಾತು ಹಾಗೇ ಶೆಡ್ಡಿನ ತಗಡಿಗೆ ತಾಗಿ ಕೆಳಗೆ ಬಿತ್ತು. ನಮ್ಮ ಮಾತಿನಲ್ಲಿ ‘ಇಲ್ಲ’ ಎಂಬುದು ಕಟ್ಟಕಡೆಗೆ ಬರುತ್ತದೆ. ಹೇಳುವವರು ಹೇಳಿ ಮುಗಿಸುವ ತನಕ ಕೇಳುವವರು ಕೂತಿರುತ್ತಾರೆ ಎಂದು ನಂಬಿ ಹಿರಿಯರು ಕಟ್ಟಿದ ಮಾತು ಅದು. ಕೇಳವ್ವ ಮೊದಲ ಪದಕ್ಕೇ ಎದ್ದು ಹೋದಳು.

*

“ಕೊನೀತನಕ ಕೇಳು ಅಂತ ಹೇಳ್ರಿ ಅದಕ್ಕ!” ಮಹಾನಂದಾ ಫೋನಿನಲ್ಲಿ ಕೂಗುತ್ತಿದ್ದಳು.

“ಮೇಡಂ, ಪ್ಲೀಸ್. ನೆಟ್‌ವರ್ಕ್ ಉಳಿಸೋಕೆ ಅಂತ ಮೊದಲ ಪದ ಸಿಕ್ಕಿದ್ ಕೂಡ್ಲೇ ಲೈನ್ ಕಟ್ ಆಗತ್ತೆ. ‘ಆರಾಮ’ ಅಂದ್ರೆ ಪಾಸಿಟಿವ್ ಪದ. ಅದು ಲಿಸ್ಟಲ್ಲಿದೆ.”

“ಆರಾಮ ಇಲ್ಲ ಅಂದ್ರ?”

“ಅದನ್ನ ಯಾರೂ ಯೋಚ್ನೆ ಮಾಡಿಲ್ಲ ಅನ್ಸತ್ತೆ,” ಎಂದ ಸುಹಾಸ್.

“ನಿಮ್ ಮನ್ಯಾಗ ಕನ್ನಡಾ ಮಾತಾಡ್ತೀರಿಲ್ಲೋ, ಸರ?”

“ಮಾತಾಡ್ತೀವಿ ಮೇಡಂ,” ಎಂದ ಅವನು ಸಣ್ಣ ದನಿಯಲ್ಲಿ. “ಪೆಟ್ಟಿಗೆ ಇಲ್ಲಿಂದ ತೆಗೆಯೋ ಅಧಿಕಾರ ನಂಗಿಲ್ಲ. ಮೇಲಿನವ್ರು ಮೀಟಿಂಗಲ್ಲಿದಾರೆ. ಚೀಟಿ ಕಳ್ಸಿದೀನಿ. ಸಂಜೆ ಅದು ಮತ್ತೆ ಕೇಳತ್ತಲ್ಲ, ಆಗ ಆ ಪದ ಮಾತ್ರ ಬಳಸ್ಬೇಡಿ ಅಂತ ಹೇಳಿ.”

ಕೆಳಗೆ ಗಂಡಸರು ಹಾರೆ ಹಿಡಿದು ಬಂದು ಮೆಟ್ಟಿಲ ಬುಡದಲ್ಲಿ ನಿಂತಿದ್ದರು. “ಹ್ಞೂಂ ಅನ್ರಿ ಸಾಹೇಬ್ರ, ಎರಡ ಏಟಿಗಿ ಪೆಟ್ಟಿಗಿ ತಗೀತೀವಿ.” ಇನಾಮದಾರ ಸಾಹೇಬರು ಪೆಟ್ಟಿಗೆಗೆ ಬೆನ್ನು ಕೊಟ್ಟು ನಿಂತು, “ಮುಟ್ಟಿದ್ರ ಕಾದು ನೀರಾಗ್ತದೋ ಯಪ್ಪಾ, ಆಯಿಗೂ ಇಲ್ಲ, ಯಾರಿಗೂ ಇಲ್ಲ,” ಎಂದು ಕೈಮುಗಿದರು. ಹಾರೆ ಹಿಡಿದವರು ಹಾರೆಯ ಮೇಲೆ ಗದ್ದವೂರಿ ಅಲ್ಲೇ ಕೂತರು. ಬಡಿಯಲು ಏನಾದರೂ ಸಿಕ್ಕಿದ್ದರೆ ಎಲ್ಲರಿಗೂ ಹಗುರವಾಗುತ್ತಿತ್ತು. ಸಿಕ್ಕಲಿಲ್ಲ.

ಇಳಿಹೊತ್ತಿಗೆ ಗುರಸಿದ್ದವ್ವನಿಗೆ ಮೊದಲ ಸೆಳವು ಬಂತು. ಯಾರೋ ತಗಡಿನ ಕದ ಎಳೆದ ಸಪ್ಪಳಕ್ಕೆ ಅವಳ ಮೈ ಹಗ್ಗದಂತೆ ಹುರಿಗೊಂಡಿತು. ಈ ರೋಗಕ್ಕೆ ಬೆಳಕಾಗದು, ಸಪ್ಪಳವಾಗದು. ಸಾಹೇಬರು ಕಿಟಕಿಗೆ ಗೋಣಿ ಕಟ್ಟಿಸಿದರು. ಸುದ್ದಿ ಅಂಗಳಕ್ಕೆ ಹೋಯಿತು. ರೊಟ್ಟಿ ಬಡಿಯುತ್ತಿದ್ದ ಹೆಂಗಸರು ಕೈ ಹಿಂತೆಗೆದರು. ನಾದಿದ ಹಿಟ್ಟಿನ ಮೇಲೆ ತಾಟು ಮುಚ್ಚಿಟ್ಟರು. ಆ ಸಂಜೆ ಇಡೀ ಗಿರಣಿ ಚುರುಮುರಿ ನೆನೆಸಿಕೊಂಡು ತಿಂದಿತು. ಅಳುವ ಕೂಸುಗಳನ್ನು ಎತ್ತಿಕೊಂಡು ತಾಯಂದಿರು ದಿಬ್ಬದ ಆಚೆಗೆ ನಡೆದರು.

ಆ ನಿಶ್ಶಬ್ದದಲ್ಲಿ ಮಹಾನಂದಾ ಅತ್ತೆಯ ಕಿವಿಯ ಬಳಿ ಬಾಯಿಟ್ಟು, “ಅತ್ತಿ, ಈ ಸಲ ‘ಇಲ್ಲ’ ಅಷ್ಟ ಅನ್ರಿ. ಮೊದಲನೇ ಮಾತು ಇಲ್ಲ,” ಎಂದು ಹೇಳಿಕೊಟ್ಟಳು. ಗುರಸಿದ್ದವ್ವ ಕಣ್ಣಿನಲ್ಲಿ ಹ್ಞೂಂ ಎಂದಳು. ಅವಳಿಗೆ ತುಟಿ ಸೇರಿಸಲೂ ಕಷ್ಟವಾಗುತ್ತಿತ್ತು. ಮುಖದ ಸ್ನಾಯು ಬಿಗಿದು, ನೋಡುವವರಿಗೆ ನಗುತ್ತಿದ್ದಾಳೆ ಎನ್ನಿಸುವಂತಿತ್ತು.

ಹೊತ್ತು ಮುಳುಗಿತು. ಮಣಿ ಕಣ್ಣು ತೆರೆಯಿತು.

“ನಮಸ್ಕಾರ. ಹೇಗಿದ್ದೀರಿ?”

ಆ ದನಿಗೇ ಸೆಳವು ಬಂತು. ಬೆನ್ನು ಹಾಸಿಗೆ ಬಿಟ್ಟು ಮೇಲೆದ್ದಿತು. ‘ಇಲ್ಲ’ ಎನ್ನಲು ಹೋದ ಬೇನೆ ಗಂಟಲಲ್ಲಿ ದಾರಿ ತಪ್ಪಿ, ಹುಟ್ಟಿದಾಗಿನಿಂದ ಯಾವ ದಾರಿಯಲ್ಲಿ ಹೋಗಿ ರೂಢಿಯಾಗಿತ್ತೋ ಅದೇ ದಾರಿ ಹಿಡಿಯಿತು.

“ಶಿವೇ... ಶಿವೇ...”

ಮಹಾನಂದಾ ಕಣ್ಣು ಮುಚ್ಚಿದಳು. ಆಯಿತು, ಇದೂ ಹೋಯಿತು ಎಂದುಕೊಂಡಳು.

ಮಣಿ ಸಂತೋಷ ಎನ್ನಲಿಲ್ಲ. ಅದರ ಬಳಿ ಇದ್ದ ಪದಗಳಲ್ಲಿ ಇದು ಒಳ್ಳೆಯ ಸುದ್ದಿಯ ಪದವೂ ಅಲ್ಲ, ಕೆಟ್ಟ ಸುದ್ದಿಯ ಪದವೂ ಅಲ್ಲ. ಅರ್ಥ ಸಿಗದೆ ಹೋದಾಗ ಕೇಳವ್ವ, ಬೇರೆ ದಾರಿ ಕಾಣದೆ, ದನಿಯನ್ನು ಕೇಳಿದಳು. ಮೊದಲ ದಿನ ಹೊಟ್ಟೆ ಹಿಡಿದು ನಕ್ಕು ಹೇಳಿದ ‘ಶಿವಾ ಶಿವಾ’ವನ್ನು ಹೊರತೆಗೆದು, ಈ ‘ಶಿವೇ ಶಿವೇ’ಯ ಪಕ್ಕದಲ್ಲಿಟ್ಟು ತೂಗಿದಳು.

ಮೇಲಿನ ಕೋಣೆಯಲ್ಲಿ ಬೋರ್ಡಿನ ಮೇಲೆ ಒಂದೇ ಒಂದು ದೀಪ ಕೆಂಪಾಯಿತು. ಮೂಲೆಯಲ್ಲಿ ಪೆಟ್ಟಿಗೆ ‘ಟಕ್’ ಎಂದಿತು. ಇನಾಮದಾರ ಸಾಹೇಬರು ಚಪ್ಪಲಿ ಬಿಟ್ಟು, ಸಪ್ಪಳವಾಗದಂತೆ ತುದಿಗಾಲಲ್ಲಿ, ಸೀಸೆಯನ್ನು ಎರಡು ಅಂಗೈಗಳ ನಡುವೆ ಹಿಡಿದುಕೊಂಡು ಮೆಟ್ಟಿಲಿಳಿದು ಬಂದರು.

*

ಗುರಸಿದ್ದವ್ವ ಬದುಕಿದಳು. ಸುಲಭಕ್ಕೆ ಬದುಕಲಿಲ್ಲ. ಬಸವಂತ ಬೆಳಗಾಗುತ್ತಲೇ ದೋಣಿಗೆ ಹಾಸಿಗೆ ಹಾಸಿ, ಇಂಜಿನ್ನಿನ ಸದ್ದಾಗಬಾರದೆಂದು ಹುಟ್ಟು ಹಾಕಿಕೊಂಡೇ ತಾಯಿಯನ್ನು ದಾಟಿಸಿದ. ಕಲಬುರಗಿಯ ದವಾಖಾನೆಯ ಕತ್ತಲೆ ಕೋಣೆಯಲ್ಲಿ ಗಂಟಲಿಗೆ ನಳಿಗೆ ಹಾಕಿಸಿಕೊಂಡು ವಾರಗಟ್ಟಲೆ ಮಲಗಿದಳು. ನರದೊಳಗೆ ಆಗಲೇ ಕೂತಿದ್ದ ವಿಷ ತನ್ನ ಪಾಲು ತೆಗೆದುಕೊಂಡೇ ಹೋಯಿತು. ತಿರುಗಿ ಬಂದಾಗ ಅರ್ಧ ಆಗಿದ್ದಳು. ಆ ದೊಡ್ಡ ಬಾಯಿ ಎರಡು ಬೆರಳಿನಷ್ಟೇ ತೆರೆಯುತ್ತಿತ್ತು. ರೊಟ್ಟಿ ಬಡಿಯಲು ಕೈ ಏಳುತ್ತಿರಲಿಲ್ಲ. ಮೇಲೆ ಕೇಳುಕೋಣೆಯಲ್ಲಿ ಸೊಸೆಯ ಕುರ್ಚಿಯ ಪಕ್ಕ ಚಾಪೆ ಹಾಸಿಕೊಂಡು ಕೂರುತ್ತಿದ್ದಳು.

ಈ ನಡುವೆ ಮಹಾನಂದಾ ದೂರಿನ ಮೇಲೆ ದೂರು ಕೊಟ್ಟಿದ್ದಳು. ನಿಯಮ ಬದಲಾಗಿರಲಿಲ್ಲ. ಹೊಳೆಯಾಚೆಯ ಇನ್ನೊಂದು ಕೇಂದ್ರದಲ್ಲಿ ಬಾಣಂತಿಯೊಬ್ಬಳು ಆರಾಮ ಅದೀನಿ ಎನ್ನುತ್ತಲೇ ತೀರಿಕೊಂಡ ಸುದ್ದಿ ಬಂದಿತ್ತು. ಸುಹಾಸನನ್ನು ಬೇರೆ ಕೆಲಸಕ್ಕೆ ಹಾಕಿದ್ದರು. ಬೋರ್ಡಿನ ಮೇಲೆ ಮಾಳಪ್ಪ ಇನ್ನೂ ಹಸಿರಾಗಿದ್ದ.

ಒಂದು ಮಧ್ಯಾಹ್ನ ರಾಜಧಾನಿಯಿಂದಲೇ ಕರೆ ಬಂತು. ಮಹಾನಂದಾ ಎದ್ದು ನಿಂತಳು. ಹೇಳಬೇಕಾದುದನ್ನೆಲ್ಲ ಅವಳು ರೊಟ್ಟಿಯ ಹಿಟ್ಟಿನಂತೆ ನಾದಿ ನಾದಿ ಇಟ್ಟುಕೊಂಡಿದ್ದಳು. ಮಾಳಪ್ಪ, ಬಾಣಂತಿ, ಮೊದಲು ಬರುವ ಆರಾಮ, ಕಡೆಗೆ ಬರುವ ಇಲ್ಲ, ಪೆಟ್ಟಿಗೆಯ ಕೀಲಿ. ಎಲ್ಲವೂ ಬಾಯ ತುದಿಯಲ್ಲಿತ್ತು.

“ನಮಸ್ಕಾರ. ನಿಮ್ಮ ದೂರಿನ ಬಗ್ಗೆ ಕರೆ ಮಾಡುತ್ತಿದ್ದೇವೆ. ಹೇಗಿದ್ದೀರಿ?”

“ಆರಾಮ ಅದೀನ್ರಿ. ಅದ ನಮ್ಮ...”

“ಸಂತೋಷ. ನಿಮ್ಮ ದೂರನ್ನು ಮುಕ್ತಾಯಗೊಳಿಸಲಾಗಿದೆ. ಶುಭದಿನ.”

ಮಾತಾಡಿದ್ದು ಕೇಳವ್ವನೇ. ಮಹಾನಂದಾ ಫೋನು ಹಿಡಿದು ಹಾಗೇ ನಿಂತಳು. ಕಿವಿಯೊಳಗೆ ಸತ್ತ ಲೈನಿನ ಗುಂಯ್ ಎಂಬ ಸದ್ದು. ನಗು ಬಂದಂತಾಯಿತು, ಅದು ಅರ್ಧಕ್ಕೆ ಬೇರೇನೋ ಆಯಿತು. ಕುರ್ಚಿಗೆ ಕುಸಿದು, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು, ಅಲ್ಲಿಂದ ಹೊರಗೆ ಹೋದದ್ದನ್ನು ಒಳಗೆ ಎಳೆದುಕೊಳ್ಳಬಹುದೇನೋ ಎಂಬಂತೆ.

ಚಾಪೆಯ ಮೇಲಿದ್ದ ಗುರಸಿದ್ದವ್ವ ಚಂಚಿ ಬಿಚ್ಚಿದಳು. ತನಗೆ ಹಾಕಿಕೊಳ್ಳಲಾಗದ ಎಲೆಯೊಂದನ್ನು ಒರೆಸಿ, ಸುಣ್ಣ ಹಚ್ಚಿ, ಮಡಚಿ ಸೊಸೆಯ ಕಡೆ ಚಾಚಿದಳು. ಅವಳು ಅತ್ತು ಮುಗಿಸುವ ತನಕ ಸುಮ್ಮನೆ ಕೂತಿದ್ದಳು.

“ಮತ್ತ?” ಎಂದಳು ಆಮೇಲೆ, ಎರಡು ಬೆರಳಿನಷ್ಟು ಬಾಯಿ ತೆರೆದು.

ಮಹಾನಂದಾ ಅತ್ತೆಯ ಮುಖ ನೋಡಿದಳು. ಎಲೆ ತೆಗೆದುಕೊಂಡು ಮಡಿಲಲ್ಲಿಟ್ಟಳು. ಮೂಗು ಒರೆಸಿಕೊಂಡು, ಕರೆ ಬಂದ ನಂಬರನ್ನೇ ತಿರುಗಿ ಒತ್ತಿದಳು.

“ನಮಸ್ಕಾರ. ಹೇಗಿದ್ದೀರಿ?”

“ಶಿವಾ ಶಿವಾ,” ಎಂದಳು ಮಹಾನಂದಾ.

ಆ ಕಡೆಯಿಂದ ಸಂತೋಷವೆಂಬ ಮಾತು ಬರಲಿಲ್ಲ. ಲೈನು ಕಡಿಯಲಿಲ್ಲ. ಕೇಳವ್ವ ಸುಮ್ಮನಿದ್ದಳು. ಅತ್ತೆ, ಸೊಸೆ ಇಬ್ಬರೂ ಉಸಿರು ಬಿಗಿಹಿಡಿದು, ಆ ಸುಮ್ಮನಿರುವುದನ್ನು ಕೇಳುತ್ತ ಕೂತರು.